ಜನವರಿ ಒಂದರಂದು ಹುಟ್ಟಿದವರ ಕಾಯಿಲೆ

ತಾನು ಹುಟ್ಟಿದ ತಾರೀಕು ಮನುಷ್ಯನಿಗೆ ನೆನಪಿರಲೇಬೇಕೆಂದು ಹಟ ಹಿಡಿಯುವ ಪ್ರಾಣಿ ಈ ಜಗತ್ತಿನಲ್ಲಿ ಒಂದೇ, ಅದು ಕಂಪ್ಯೂಟರ್. ನಮ್ಮ ನಿಮ್ಮಂಥ ಸಾಧುಗಳು ಹೆಂಡತಿ ನೆನಪಿಟ್ಟುಕೊಂಡರೆ ಅಂದು ಪಾಯಸ ಉಣ್ಣುತ್ತೇವೆ, ಮರೆತರೆ ಸಾರನ್ನವನ್ನೇ ಪರಮಾನ್ನವೆಂದುಕೊಂಡು ಸುಮ್ಮನಾಗುತ್ತೇವೆ.

ಎರಡು ಸಾವಿರದ ದಶಕದಲ್ಲಿ, ಮೈಸೂರಿನವನಾದ ನಾನು ಕೊಚ್ಚಿಯ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅಂಕಿಅಂಶಗಳ ವಿಶ್ಲೇಷಕನಾಗಿದ್ದೆ. ಈಗ ಆ ಉದ್ಯೋಗಕ್ಕೆ ಡೇಟಾ ಅನಲಿಟಿಕ್ಸ್ ಎಂಬ ಜರತಾರಿ ಹೆಸರಿದೆ. ಆಗ ನಾನು ಬರೀ 'ಕಂಪ್ಯೂಟರ್ ಸಾರ್', ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಮಾತ್ರ ಪ್ರಾತಃಸ್ಮರಣೀಯ. ಹುದ್ದೆ ಗುತ್ತಿಗೆಯದು. ಕಾಯಂ ಆಗಬೇಕಾದರೆ ತಿರುವನಂತಪುರದ ಸಮಿತಿಯೆದುರು ಏನಾದರೊಂದು ಸಂಶೋಧನೆ ಮಂಡಿಸಬೇಕಿತ್ತು. ಹೆಂಡತಿ ಸುಮ ಆಗಲೇ ಮಗಳನ್ನು ಕೊಚ್ಚಿಯಲ್ಲೇ ಕಲೂರಿನ ಶಾಲೆಗೆ ಸೇರಿಸಿ, ಇನ್ನು ಊರೂರು ಅಲೆಯುವುದು ತನ್ನಿಂದಾಗದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ದೇವರು ದೊಡ್ಡವನು, ಸಂಶೋಧನೆ ಸಿಕ್ಕೇಬಿಟ್ಟಿತು. ರೋಗಿಗಳ ದಾಖಲೆಗಳನ್ನು ಜರಡಿ ಹಿಡಿದರೆ ಲೆಕ್ಕವಿಲ್ಲದಷ್ಟು ಜನ ಜನವರಿ ಒಂದರಂದೇ ಹುಟ್ಟಿದವರು! ಮಧುಮೇಹವಿರಲಿ, ಮೂಲವ್ಯಾಧಿಯಿರಲಿ, ತೆಂಗಿನಮರದಿಂದ ಬಿದ್ದು ಕಾಲು ಮುರಿದದ್ದೇ ಇರಲಿ, ಎಲ್ಲರದೂ ಅದೇ ಜನ್ಮದಿನ. ಜನನಕ್ಕೂ ರೋಗಕ್ಕೂ ಇರುವ ಈ ಅವಿನಾಭಾವ ಸಂಬಂಧವನ್ನು ಬಣ್ಣಬಣ್ಣದ ನಕ್ಷೆಗಳಲ್ಲಿ ಬಿಡಿಸಿ ಕಳಿಸಿದೆ. ಸಮಿತಿಯವರು ಎಷ್ಟು ಮೆಚ್ಚಿದರೆಂದರೆ, ಈ ನತದೃಷ್ಟರಿಗೆಂದೇ ಪ್ರತ್ಯೇಕ ವಾರ್ಡು ಕಟ್ಟುವ ಮಾತೂ ಹೊರಟಿತು.

ಸಂದರ್ಶನಕ್ಕೆ ಎರಡು ದಿನವಿದ್ದಾಗ, ಸಂತೋಷಕ್ಕೋ ಏನೋ, ನನಗೆ ಜ್ವರ ಬಂತು. ನಮ್ಮದೇ ಆಸ್ಪತ್ರೆಯ ನೋಂದಣಿ ಕಿಟಕಿಯ ಮುಂದೆ ನಿಂತೆ. ಅಲ್ಲಿ ಕೂರುವ ಲೀಲಾ ಚೇಚಿ, ಅಂದರೆ ಲೀಲಕ್ಕ, ಹೆಸರು ಕೇಳಿದರು, ವಯಸ್ಸು ಕೇಳಿದರು, ಜನ್ಮದಿನವನ್ನು ಮಾತ್ರ ಕೇಳದೆಯೇ ಜನವರಿ ಒಂದು ಎಂದು ಕುಟ್ಟಿದರು. ನಾನು ಹುಟ್ಟಿದ್ದು ಆಗಸ್ಟಿನಲ್ಲಿ. ಇದೇನು ಚೇಚಿ ಎಂದೆ.

"ಕೇಳಿದರೆ ಎಲ್ಲರೂ ನಕ್ಷತ್ರ ಹೇಳುತ್ತಾರೆ, ಸಾರೇ. ಈ ಕಂಪ್ಯೂಟರಿಗೆ ನಕ್ಷತ್ರ ಬೇಡ, ತಾರೀಕು ಹಾಕದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಕ್ಯೂ ನೋಡಿ ಎಷ್ಟುದ್ದ ಇದೆ."

ಜ್ವರ ನಿಂತಲ್ಲೇ ಇಳಿಯಿತು. ಬಾಯಿ ಮುಚ್ಚಿಕೊಂಡರೆ ನೌಕರಿ ಕಾಯಂ, ಬಾಯಿ ಬಿಟ್ಟರೆ ಗಂಟುಮೂಟೆ. ಮುಚ್ಚಿಕೊಂಡೇ ಇರೋಣವೆಂದು ತಿರುವನಂತಪುರದ ರೈಲಿನಲ್ಲಿ ನಿಶ್ಚಯಿಸಿದ್ದೆ, ನಿಮ್ಮ ಹತ್ತಿರ ಸುಳ್ಳೇಕೆ? ಆದರೆ ಸಮಿತಿಯ ಅಧ್ಯಕ್ಷರು, ಪಾಪ, ನಿಜವಾಗಿಯೂ ಜನವರಿ ಒಂದರಂದೇ ಹುಟ್ಟಿದವರು. ನನ್ನ ವರದಿ ಓದಿದಂದಿನಿಂದ ಊಟ ಬಿಟ್ಟು, ದಿನಕ್ಕೊಂದು ಪರೀಕ್ಷೆ ಮಾಡಿಸಿಕೊಂಡು, ಉಯಿಲನ್ನೂ ಬರೆಸಿಟ್ಟು ಕುಳಿತಿದ್ದರು. ನನ್ನ ನಕ್ಷೆ ಹಿಡಿದು, ತಮಗಿನ್ನೆಷ್ಟು ಕಾಲವಿದೆ ಎಂದು ಮೆಲ್ಲಗೆ ಕೇಳಿದರು.

"ನಿಮಗೇನೂ ಆಗಿಲ್ಲ ಸಾರ್. ಅದು ಕಾಯಿಲೆಯಲ್ಲ, ನಮ್ಮ ಕಿಟಕಿಯ ಕ್ಯೂ," ಎಂದು ಲೀಲಾ ಚೇಚಿಯ ಕಥೆಯನ್ನೆಲ್ಲ ಒದರಿಬಿಟ್ಟೆ.

ಅಂದು ಅವರು ಎರಡು ಊಟ ಒಟ್ಟಿಗೇ ಹೊಡೆದರಂತೆ. ಕೆಲವೇ ದಿನಗಳಲ್ಲಿ ಆದೇಶ ಬಂತು: ದತ್ತಾಂಶದ ಮರ್ಮ ಬಲ್ಲವರೆಂದು ಕಾಯಂ ಹುದ್ದೆ ಲೀಲಾ ಚೇಚಿಗೆ, ನನ್ನ ಗುತ್ತಿಗೆ ಮುಂದುವರಿಸುವುದೂ ಬಿಡುವುದೂ ಅವರ ಮರ್ಜಿ.

ಅರ್ಜಿ ಹಿಡಿದು ಹೋದವನನ್ನು ಚೇಚಿ ಕೂರಿಸಿದರು. ಪೆನ್ನು ತೆಗೆದು, ಹುಟ್ಟಿದ ದಿನ ಯಾವುದೆಂದು ಕೇಳಿ ಬರೆದುಕೊಂಡರು. ಆಮೇಲೆ ನಕ್ಷತ್ರ ಯಾವುದೆಂದರು. ನನಗೆ ಗೊತ್ತಿರಲಿಲ್ಲ. ಅದು ತಿಳಿಯದೆ ಸಹಿ ಹಾಕುವುದಿಲ್ಲವೆಂದು ಪೆನ್ನು ಮುಚ್ಚಿದರು. ಸುಮಳಿಗೆ ಫೋನು ಮಾಡಿದೆ. ಅವಳು ತಡವರಿಸದೆ "ವಿಶಾಖ" ಎಂದಳು. ಚೇಚಿ ಅದನ್ನೂ ಬರೆದುಕೊಂಡು ಸಹಿ ಹಾಕಿದರು.