ಭಾವನ ಮುಂದೆ ನಾಲ್ಕು ಬಿಯರು

ನಮ್ಮ ಭಾವ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುವವರು. ಅಲ್ಲಿ ಹರಾಜು ಮುಗಿಯುವವರೆಗೆ ಯಾವ ಗೂಡನ್ನೂ ಚೆನ್ನಾಗಿದೆ ಎನ್ನಬಾರದು. ಅಂದುಬಿಟ್ಟರೆ ಬೆಲೆ ಏರುತ್ತದೆ. ಚಿಕ್ಕಬಳ್ಳಾಪುರದ ಹೆದ್ದಾರಿ ಬದಿಯ ಬ್ರೂವರಿಗೆ ನಾನು ಕರೆದೊಯ್ದಾಗ ಮಹಾಶಯರು ಆ ಅಭ್ಯಾಸವನ್ನೂ ಜೊತೆಗೇ ತಂದಿದ್ದರು.

ಅಲ್ಲೇ ತಯಾರಿಸಿದ ನಾಲ್ಕು ಜರ್ಮನ್ ಬಗೆಯ ಬಿಯರುಗಳು ಪುಟ್ಟ ಲೋಟಗಳಲ್ಲಿ ಬಂದವು. ಭಾವ ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಸಿ, ಗುಟುಕರಿಸಿ ಮುಖ ಸಿಂಡರಿಸಿದರು. ಪಿಲ್ಸ್ನರ್ ಬರೀ ಕಹಿಯಂತೆ. ಗೋಧಿ ಬಿಯರಿಗೆ ಬಾಳೆಹಣ್ಣಿನ ವಾಸನೆಯಂತೆ. ಬಾಕ್ ವಿಪರೀತ ಸಿಹಿಯಂತೆ. ಕಪ್ಪಗಿದ್ದ ಡಂಕೆಲ್ ಕುಡಿದು, "ರಾಗಿ ಹುರಿಯಕ್ಕೆ ಹೋಗಿ ಸೀಸಿಬಿಟ್ಟವ್ರೆ ಕಣಪ್ಪ!" ಎಂದು ಜೋರಾಗಿಯೇ ಬೈದರು.

ಬಡಿಸುತ್ತಿದ್ದಾಕೆ ಪಾಪ, ಕ್ಷಮೆ ಕೇಳಿ ಆ ಲೋಟ ಎತ್ತಲು ಬಂದರು. ಭಾವ ಥಟ್ಟನೆ ಅದನ್ನು ಅಂಗೈಯಿಂದ ಮುಚ್ಚಿಕೊಂಡರು.

"ಇರ್ಲಿ ಬಿಡಮ್ಮ. ಇದನ್ನೇ ಒಂದು ದೊಡ್ಡ ಲೋಟದ ತುಂಬ ತಗೊಂಡು ಬಾ."

ನಿಂಬೆ ಸೋಡಾ ಹಿಡಿದು ಕೂತಿದ್ದ ಅಕ್ಕ ನನ್ನತ್ತ ಬಗ್ಗಿದಳು.

"ಹೆಣ್ಣು ನೋಡಕ್ಕೆ ಬಂದಾಗ್ಲೂ ಹಿಂಗೇ ಮುಖ ಮಾಡ್ಕೊಂಡು ಕೂತಿದ್ರು ಕಣೋ. ನಾನು ಒಳಗೆ ಹೋಗಿ ಅತ್ತು ಮುಗಿಸೋದ್ರೊಳಗೆ ಒಪ್ಪಿಗೆ ಅಂದಿದ್ರು."