ಹರಿಹರದಲ್ಲಿ ಸಿಕ್ಕ ಮೋತಿ

ಹರಿಹರದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಬಡಕಲು ನಾಯಿಯೊಂದು ಬಂದು ನನ್ನ ಕಾಲು ನೆಕ್ಕತೊಡಗಿತು. ಹೆದರಿ ಹಿಂದೆ ಸರಿದವಳು ಅದರ ಹರಿದ ಕಿವಿ ನೋಡಿ ದಂಗಾದೆ. ಅದು ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಎದುರು ಮನೆಯವರ ಮುದಿ ನಾಯಿ, ಮೋತಿ! ತಪ್ಪಿಸಿಕೊಂಡು ಹೋಗಿದೆ ಎಂದು ಅವರು ಹೇಳಿದ್ದರು.

ಆಟೊ ಮಾಡಿಕೊಂಡು ಅದನ್ನು ಕರೆತಂದೆ. ಎದುರು ಮನೆಗೆ ಹೊಸದಾಗಿ ಬಂದಿದ್ದ ನಾಯಿಮರಿ ಮೊದಲೆಲ್ಲ ಮೋತಿಯ ಹೊಟ್ಟೆಗೆ ಒರಗಿಯೇ ಮಲಗುತ್ತಿತ್ತು. ಈಗ ಅದನ್ನು ಕಂಡದ್ದೇ ಕುಂಯ್‌ಗುಡುತ್ತ ಗೇಟಿನ ಸರಳುಗಳ ನಡುವೆ ಮೂತಿ ತೂರಿಸಿತು. ಹೊರಬಂದ ಮನೆಯೊಡತಿ ಗೇಟು ತೆಗೆಯಲಿಲ್ಲ.

"ಯಾಕ ತಂದ್ರಿ ಅಕ್ಕಾರೆ? ನಾವೇ ಬಿಟ್ಟು ಬಂದಿದ್ವಿ. ಇದರ ಕಜ್ಜಿ ಮರಿಗೆ ಹತ್ತಿದ್ರೆ ಹೆಂಗೆ? ನಮಗೆ ಬ್ಯಾಡ್ರಿ."

ಮರಿಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೋತಿಯನ್ನು ಡಾಕ್ಟರಿಗೆ ತೋರಿಸಿದೆ. ಕಜ್ಜಿ ಇರಲಿಲ್ಲ, ವಯಸ್ಸಾಗಿತ್ತು ಅಷ್ಟೆ.

ಈಗ ಮೋತಿ ನಮ್ಮಲ್ಲಿದೆ. ಎದುರು ಮನೆಯವರು ನಮ್ಮೊಂದಿಗೆ ಮಾತು ಬಿಟ್ಟಿದ್ದಾರೆ. ನಮ್ಮ ಗೇಟಿಗೆ ಯಾರು ಬಂದರೂ ಮೋತಿ ಸುಮ್ಮನೆ ಮಲಗಿರುತ್ತದೆ. ಅವರ ಗೇಟಿನ ಬಳಿ ಅಪರಿಚಿತರು ನಿಂತರೆ ಮಾತ್ರ ಕಷ್ಟಪಟ್ಟು ಎದ್ದು ಬೊಗಳುತ್ತದೆ.