ಅಂಚು ಮುರಿದ ರೊಟ್ಟಿ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದೆ. ಡಾಕ್ಟರು ಹೇಳಿದರೆಂದು ನಾನೇ ಗೀಟು ಹಾಕಿದ್ದು. ಅವ್ವ ಎಷ್ಟು ಹೊತ್ತಿಗೆ ಏನು ಉಂಡಳು ಎಂದು ಬರೆಯಲು ದಿನಕ್ಕೆ ಮೂರು ಮನೆ. ಪಕ್ಕದಲ್ಲಿ ‘ಷರಾ’ ಎಂದು ಇನ್ನೊಂದು. ಈ ಷರಾ ಯಾಕೆ ಬೇಕಿತ್ತೋ ನನಗೂ ತಿಳಿಯದು. ಓದಿದವರು ಹಾಳೆಗೆ ಗೀಟು ಎಳೆದರೆ ಇಂಥದ್ದೊಂದು ಮನೆ ಉಳಿದುಕೊಳ್ಳುತ್ತದೆ. ಮೊದಲ ವಾರ ಬರೆಯುವ ಕೆಲಸವನ್ನು ಅವ್ವನಿಗೇ ಬಿಟ್ಟಿದ್ದೆವು. ಇಪ್ಪತ್ತೊಂದು ಮನೆಗಳಲ್ಲೂ ಒಂದೇ ಮಾತು ಬರೆದಿದ್ದಾಳೆ: ‘ಆಗೇತಿ.’

ಆ ಮಾತು ನನಗೆ ಹೊಸದಲ್ಲ. ಊಟ ಆಯಿತೇ ಎಂದು ಯಾರು ಕೇಳಿದರೂ ಅವ್ವನದು ಮೊದಲಿಂದಲೂ ಅದೇ ಉತ್ತರ. ನಾನು ಚಿಕ್ಕವನಿದ್ದಾಗ ನಾವು ತೆಲುಗು ಸೀಮೆಯ ಲಿಂಗಂಪಲ್ಲಿಯಲ್ಲಿದ್ದೆವು. ಅಪ್ಪನಿಗೆ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಒಂದು ವಾರ ಬೆಳಗಿನ ಬಸ್ಸು, ಇನ್ನೊಂದು ವಾರ ಮಧ್ಯಾಹ್ನದ್ದು. ಅಕ್ಕ ಕಾಲೇಜು ಮುಗಿಸಿ ಎರಡಕ್ಕೆ ಬರುತ್ತಿದ್ದಳು, ನಾನು ಶಾಲೆ ಮುಗಿಸಿ ಐದಕ್ಕೆ. ಮೂವರಿಗೆ ಮೂರು ಹೊತ್ತಿನ ಊಟ. ಮೂರಕ್ಕೂ ಅವ್ವ ತನ್ನ ತಾಟು ಇಟ್ಟುಕೊಂಡು ಎದುರಿಗೆ ಕೂರುತ್ತಿದ್ದಳು.

“ನಮಗ ಒಂದ ಊಟ ಆದ್ರ ನಿಮ್ಮವ್ವಗ ಮೂರು. ರಾಜಯೋಗ ಐತಿ ಆಕೀಗೆ,” ಎನ್ನುತ್ತಿದ್ದ ಅಪ್ಪ.

“ಹೌದ್ರಿ, ಅದಕ್ಕ ನೋಡ್ರಿ ಹೆಂಗ ಗುಂಡಾಗೇನಿ,” ಎನ್ನುತ್ತಿದ್ದಳು ಅವ್ವ. ಆಕೆಯ ಬಳೆಗಳು ಮೊಣಕೈವರೆಗೂ ಸರಾಗವಾಗಿ ಏರುತ್ತಿದ್ದವು.

ಒಬ್ಬರೇ ಕೂತು ಉಂಡರೆ ಅನ್ನ ಮೈಗೆ ಹತ್ತುವುದಿಲ್ಲ ಎಂಬುದು ಆಕೆಯ ನಂಬಿಕೆ. ಎಂ.ಎ. ಮಾಡುತ್ತಿದ್ದಾಗ, ಎಲ್ಲದಕ್ಕೂ ಆಧಾರ ಕೇಳುವ ಹೊಸ ಚಟ ಹತ್ತಿದ ದಿನಗಳಲ್ಲಿ, ಇದಕ್ಕೂ ಕೇಳಿದ್ದೆ.

“ನಮ್ಮವ್ವ ಹೇಳ್ಯಾಳ.”

“ಅಕೀಗೆ ಯಾರ ಹೇಳ್ಯಾರ?”

“ಅಕೀ ಅವ್ವ. ಇನ್ನೂ ಮ್ಯಾಲಕ ಹೊಂಟೀಯೇನ, ಇಲ್ಲಾ ಊಟ ಮಾಡ್ತೀಯಾ?”

ಊಟ ಮಾಡಿದೆ. ಆದರೆ ಆ ಚಟ ಬಿಡಲಿಲ್ಲ, ಈಗ ನನ್ನ ನೆನಪುಗಳ ಮೇಲೇ ತಿರುಗಿದೆ. ಭಾನುವಾರ ನಾವು ನಾಲ್ವರೂ ಒಟ್ಟಿಗೆ ಉಣ್ಣುತ್ತಿದ್ದೆವು ಎಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಕಡಲೆಹಿಟ್ಟಿನ ಝುಣಕದ ವಾಸನೆಯ ಸಮೇತ ಹೇಳಿದ್ದೇನೆ. “ಯಾವ ಐತವಾರಪಾ? ಅಪ್ಪ ಐತವಾರ ಎದ್ದೇಳ್ತಿದ್ದುದ ಮೂರಕ್ಕ,” ಎನ್ನುತ್ತಾಳೆ ಅಕ್ಕ. ಆಕೆ ಶಂಶಾಬಾದಿನಲ್ಲಿರುತ್ತಾಳೆ, ನನ್ನ ಬಾಲ್ಯವನ್ನು ಫೋನಿನಲ್ಲೇ ತಿದ್ದುತ್ತಾಳೆ. ಹಾಗಾದರೆ ಆ ಝುಣಕ ಯಾರ ಮನೆಯದು? ಗೊತ್ತಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಮಣಿಕೊಂಡಕ್ಕೆ ನಮ್ಮೊಡನೆ ಇರಲು ಬಂದಳು. ಬರುವಾಗ ತನ್ನ ಕಬ್ಬಿಣದ ಹಂಚನ್ನೂ ತಂದಳು. ನನ್ನ ಹೆಂಡತಿ ಎಂಟಕ್ಕೆ ಉಂಡು ಆಫೀಸಿಗೆ ಹೋಗುತ್ತಾಳೆ. ನಾನು ಹತ್ತೂವರೆಗೆ ಉಂಡು ಪಾಠ ಮಾಡಲು ಕಾಲೇಜಿಗೆ. ನಾಲ್ಕು ಕುರ್ಚಿಯ ಟೇಬಲ್ಲೊಂದಿದೆ. ಅದರ ಮೇಲೆ ಇಸ್ತ್ರಿಯಾಗದ ಬಟ್ಟೆಗಳಿರುತ್ತವೆ. ಬಟ್ಟೆ ಸರಿಸಿಕೊಂಡು ಅವ್ವ ಎಂಟಕ್ಕೂ ಕೂರುತ್ತಿದ್ದಳು, ಹತ್ತೂವರೆಗೂ ಕೂರುತ್ತಿದ್ದಳು. ಎದುರಿಗೆ ತಾಟು, ತಾಟಿನಲ್ಲಿ ರೊಟ್ಟಿ.

ಎರಡು ವಾರದ ಹಿಂದೆ ಒಂದು ಮಧ್ಯಾಹ್ನ, ಮರೆತುಹೋದ ಉತ್ತರಪತ್ರಿಕೆಗಳಿಗೆಂದು ಮನೆಗೆ ಮರಳಿದೆ. ಅವ್ವ ಅಡುಗೆಮನೆಯ ನೆಲದ ಮೇಲೆ ಫ್ರಿಜ್ಜಿಗೆ ಒರಗಿ ಕೂತಿದ್ದಳು. ಮುಖದ ತುಂಬ ಬೆವರು.

“ಏನಿಲ್ಲೋ, ನೆಲ ತಣ್ಣಗ ಐತಿ ಅಂತ ಕುಂತೀನಿ,” ಎಂದಳು. ನಾಲಿಗೆ ತೊದಲುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ತೆಲುಗಿನಲ್ಲಿ ಕೇಳಿದರು: “ಪೊದ್ದುನ ಏಂ ತಿನ್ನಾರಮ್ಮಾ?” ಬೆಳಿಗ್ಗೆ ಏನು ತಿಂದಿರಿ ಎಂದು. ಅವ್ವ ಏನು ಎಂಬುದನ್ನು ಬಿಟ್ಟು ಯಾರ ಜೊತೆ ಎಂಬುದಕ್ಕೆ ಉತ್ತರಿಸಿದಳು: “ಅಂದರಿತೋ ತಿನ್ನಾ ಸಾರ್.” ಎಲ್ಲರ ಜೊತೆ. ನಿಮ್ಮ ಜೊತೆ ಉಂಡಿರಬೇಕು ಅಂದುಕೊಂಡೆ ಎಂದಳು ಹೆಂಡತಿ. ನಿನ್ನ ಜೊತೆ ಉಂಡಿರಬೇಕು ಅಂದುಕೊಂಡಿದ್ದೆ ನಾನು. ಸಕ್ಕರೆ ಇಳಿಸುವ ಮಾತ್ರೆಯನ್ನು ಮಾತ್ರ ಆಕೆ ತಪ್ಪದೆ ನುಂಗಿದ್ದಳು. ಮಾತ್ರೆ ನುಂಗಿ ಉಣ್ಣದೆ ಉಳಿದರೆ ಮುಂದಿನ ಸಲ ಇಷ್ಟು ಸುಲಭದಲ್ಲಿ ಏಳಲಾರರು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಅಂದು ಸಂಜೆ ಅಕ್ಕ ಫೋನಿನಲ್ಲಿ ಅಂದಳು: “ನಿನಗ ಈಗ ಗೊತ್ತಾತೇನ? ಅದು ಮೊದಲಿಂದ ಒಂದ ರೊಟ್ಟಿನೋ. ಮುಂಜಾನೆ ಅಪ್ಪನ ಮುಂದ ಇದ್ದದ್ದ ಮಧ್ಯಾಹ್ನ ನನ್ನ ಮುಂದ, ಸಂಜಿಕ ನಿನ್ನ ಮುಂದ. ನಾ ಗುರುತು ಹಿಡಿದಿದ್ದೆ, ಬದಿಗೆ ಒಂದು ಕರಿ ಕಲೆ ಇರ್ತಿತ್ತು.”

“ಹಂಚು ಒಂದು ಕಡೆ ತಗ್ಗೈತಿ. ಎಲ್ಲಾ ರೊಟ್ಟಿನೂ ಅಲ್ಲೇ ಸುಡ್ತಾವು,” ಎಂದೆ.

“ನೀ ಕೋರ್ಟಿಗೆ ಹೋಗಬೇಕಿತ್ತು ನೋಡು,” ಎಂದು ಫೋನಿಟ್ಟಳು.

ನಾನು ಹಟಕ್ಕೆ ಹಾಗೆಂದದ್ದಲ್ಲ. ನನ್ನ ಕಣ್ಣಿಗೆ ಕಟ್ಟಿದ್ದು ಇಷ್ಟೇ: ಅವ್ವನ ತಾಟು, ಅದರಲ್ಲಿ ಒಂದು ಅಂಚು ಮುರಿದ ರೊಟ್ಟಿ, ಮುರಿದ ತುಂಡು ಪಲ್ಯದ ಪಕ್ಕದಲ್ಲಿ. ಆ ತುಂಡು ಬಾಯಿಗೆ ಹೋದದ್ದನ್ನು ಕಂಡಿದ್ದೇನೆಯೇ? ಕಂಡಂತೆಯೂ ಇದೆ, ಕಾಣದಂತೆಯೂ ಇದೆ. ಐದು ಗಂಟೆಗೆ ಶಾಲೆಯಿಂದ ಬಂದ ಮಕ್ಕಳು ಸಾಮಾನ್ಯವಾಗಿ ತಮ್ಮ ತಾಟನ್ನಷ್ಟೇ ನೋಡುತ್ತವೆ.

‘ಆಗೇತಿ’ಗಳ ವಾರ ಮುಗಿದ ಮೇಲೆ ಒಂದು ಉಪಾಯ ಮಾಡಿದೆ. ನಮ್ಮೆದುರು ಆಕೆ ನಮಗಾಗಿ ಕೂರುತ್ತಾಳೆ, ಆಕೆಗಾಗಿ ಎದುರಿಗೆ ಕೂರುವವರೂ ಬೇಕು. ನಾವಿಬ್ಬರೂ ಹೊರಟ ಮೇಲೆ ಹಸಿವೂ ನಮ್ಮ ಜೊತೆ ಹೊರಟುಬಿಡುತ್ತದೆ. ಹಾಗಾಗಿ ಮಾತ್ರೆಯ ಹೊತ್ತನ್ನು ಡಾಕ್ಟರನ್ನು ಕೇಳಿ ಮಧ್ಯಾಹ್ನಕ್ಕೆ ಹಾಕಿಸಿದೆ. ಬಿಡುವಿನಲ್ಲಿ ಮನೆಗೆ ಬಂದು ಆಕೆಯೊಡನೆ ಕೂರತೊಡಗಿದೆ. ಹತ್ತೂವರೆಗೆ ಉಂಡ ಹೊಟ್ಟೆಗೆ ಹನ್ನೆರಡೂವರೆಗೆ ಮತ್ತೆ ಜೋಳದ ರೊಟ್ಟಿ ಇಳಿಯುವುದಿಲ್ಲ. ಸುಮ್ಮನೆ ತಾಟಿನಲ್ಲಿ ಒಂದು ಇಟ್ಟುಕೊಂಡು ಕಾಲೇಜಿನ ರಾಜಕೀಯ ಹೇಳುತ್ತಿದ್ದೆ. ಮೂರು ದಿನ ಅವ್ವ ಎರಡು ರೊಟ್ಟಿ, ಪಲ್ಯ, ಮೊಸರನ್ನ ಪೂರ್ತಿ ಉಂಡಳು. ಹಾಳೆಯಲ್ಲಿ ನಾನು ಹೆಮ್ಮೆಯಿಂದ ಹೊತ್ತು ಬರೆದೆ.

ನಾಲ್ಕನೆಯ ದಿನ, ಅಂದರೆ ನಿನ್ನೆ, ತನ್ನ ಎರಡು ರೊಟ್ಟಿ ಮುಗಿಸಿ ಆಕೆ ನನ್ನ ತಾಟನ್ನೇ ನೋಡುತ್ತ ಕೂತಳು.

“ಆ ರೊಟ್ಟಿ ಸೋಮವಾರದ್ದಲ್ಲೇನ?”

ನಾನು ಪಲ್ಯದ ಬಟ್ಟಲನ್ನು ಆಕೆಯ ಕಡೆ ಸರಿಸಿದೆ.

“ಅಂಚು ಮುರೀಬೇಕೋ ಶ್ಯಾಣ್ಯಾ. ಇಡೀ ರೊಟ್ಟಿ ಹಂಗ ಇಟ್ಕೊಂಡ ಕುಂತ್ರ ಯಾರ ನಂಬತಾರ? ಒಂದ ತುಣುಕ ಮುರದು, ಪಲ್ಯಾಕ ಹಚ್ಚಿ ಬದೀಗೆ ಇಡಬೇಕು. ಆಗ ಮಂದಿ ನಿನ್ನ ತಾಟ ನೋಡೂದಿಲ್ಲ.”

ಮೂವತ್ತು ವರ್ಷ ಹಳೆಯ ರೊಟ್ಟಿಯ ವ್ಯಾಜ್ಯ ಹೀಗೆ ಇತ್ಯರ್ಥವಾಯಿತು. ಅಕ್ಕ ಗೆದ್ದಳು, ಇನ್ನೂ ಆಕೆಗೆ ತಿಳಿಸಿಲ್ಲ.

“ಯಾವತ್ತ ಗೊತ್ತಾತು ನಿನಗ?” ಎಂದೆ.

“ಮೊದಲನೇ ದಿನಾನ.”

“ಮತ್ತ ಮೂರೂ ದಿನಾ ಉಂಡೆಲ್ಲಾ?”

“ನೀ ಮುಂದ ಕುಂತಿದ್ದೆಲ್ಲಪಾ,” ಎಂದಳು, ಇದನ್ನೂ ಕೇಳುತ್ತಾರೆಯೇ ಎಂಬಂತೆ.

ಅಪ್ಪನಿಗೂ ಗೊತ್ತಿತ್ತೇನೋ. ಆ ರಾಜಯೋಗದ ಮಾತನ್ನು ಹೇಳುವಾಗ ಅವನು ಅವ್ವನ ತಾಟು ನೋಡುತ್ತಿದ್ದನೋ, ಮುಖ ನೋಡುತ್ತಿದ್ದನೋ ನನಗೆ ನೆನಪಿಲ್ಲ. ನೆನಪಿದೆ ಎಂದರೂ ನೀವು ನಂಬಬೇಡಿ.

ಅವ್ವ ನನ್ನ ತಾಟಿನ ರೊಟ್ಟಿಯನ್ನು ಪಕ್ಕಕ್ಕೆ ಎತ್ತಿಟ್ಟಳು. ಬುಟ್ಟಿಯಿಂದ ಬಿಸಿಯದೊಂದು ತೆಗೆದು ನಡುವೆ ಮುರಿದು, ಅರ್ಧ ನನಗೆ ಹಾಕಿ ಅರ್ಧ ತಾನು ಹಾಕಿಕೊಂಡಳು. “ಇವತ್ತ ಖರೇನ ಉಣ್ಣೂಣು.”

ಉಂಡೆ. ಹೊಟ್ಟೆ ಬಿರಿಯುತ್ತಿತ್ತು. ಆಕೆಯ ಅರ್ಧ ಕೊನೆಯ ಚೂರಿನವರೆಗೂ ಬಾಯಿಗೆ ಹೋಗುವುದನ್ನು ನೋಡುತ್ತ ಉಂಡೆ. ಆಮೇಲೆ ಕೈ ತೊಳೆದು ಫ್ರಿಜ್ಜಿನ ಹಾಳೆಯಲ್ಲಿ ಬರೆದೆ: ಹನ್ನೆರಡೂ ನಲವತ್ತು, ಎರಡೂವರೆ ರೊಟ್ಟಿ. ಷರಾ: ಕಣ್ಣಾರೆ ಕಂಡಿದ್ದೇನೆ.